ಫೈಬರ್ ಚಾವಡಿಗೆ ಬಂತು, ಒಳಕೋಣೆಗೆ ತರುವುದು ಹೇಗೆ?

ನಮ್ಮ ಕಾಸರಗೋಡಿನ ಪೆರ್ಲ, ಬದಿಯಡ್ಕ, ಮುಳ್ಳೇರಿಯ ಅಂತ ಎತ್ತ ಹೋದರೂ ಈಗ ಕಂಬಗಳಲ್ಲಿ ಕರೆಂಟಿನ ತಂತಿಗಿಂತ ಕಪ್ಪು ಕೇಬಲ್ಲೇ ಜಾಸ್ತಿ ಕಾಣುತ್ತದೆ. ಬಿಎಸ್‌ಎನ್‌ಎಲ್ ಇದೆ, ಕೇಬಲ್ ಟಿವಿಯವರೇ ಕೊಡುವ ಕೇರಳ ವಿಷನ್ ಇದೆ, 2023ರ ಜೂನ್‌ನಲ್ಲಿ ಉದ್ಘಾಟನೆಯಾದ ಕೇರಳ ಸರಕಾರದ ಕೆ-ಫೋನ್ ಇದೆ. ತೋಟದ ನಡುವಿನ ಮನೆಗಳಿಗೂ ಫೈಬರ್ ಇಂಟರ್ನೆಟ್ ತಲುಪುತ್ತಿದೆ. ಆದರೆ ಹಾಕಿಸಿದವರನ್ನು ಕೇಳಿ ನೋಡಿ. "ಚಾವಡಿಯಲ್ಲಿ ಭರ್ಜರಿ, ಒಳಗೆ ಹೋದರೆ ಏನೂ ಇಲ್ಲ" ಅನ್ನುತ್ತಾರೆ.

ಹೆಚ್ಚಿನ ಸಲ ಇದು ಕಂಪೆನಿಯ ತಪ್ಪಲ್ಲ. ಮೋಡೆಮ್ ಇಟ್ಟ ಜಾಗ ಸರಿಯಿಲ್ಲ, ನಡುವೆ ಮುರಕಲ್ಲಿನ ದಪ್ಪ ಗೋಡೆ. ಸ್ವಂತ ರೂಟರ್, ಅಂದರೆ ನೆಟ್ಟನ್ನು ಮನೆಯೊಳಗೆ ವೈಫೈಯಲ್ಲಿ ಹಂಚುವ ಪೆಟ್ಟಿಗೆ, ಹಾಕಿದರೆ ಸರಿಹೋಗುತ್ತದೆ, ನಿಜ. ಆದರೆ ಅಂಗಡಿಗೆ ಓಡುವ ಮೊದಲು ಮಾಡಬೇಕಾದ ಕೆಲಸಗಳಿವೆ.

ಅರ್ಜಿ ಹಾಕುವ ಮೊದಲು ಕೇಳಿ

ಪ್ಲಾನಿನ ದರಕ್ಕೆ ಶೇ 18 ಜಿಎಸ್‌ಟಿ ಸೇರಿದೆಯೇ, ಇಷ್ಟು ಜಿಬಿ ಮುಗಿದ ಮೇಲೆ ಸ್ಪೀಡ್ ಎಷ್ಟಕ್ಕೆ ಇಳಿಯುತ್ತದೆ, ಅಪ್‌ಲೋಡ್ ಸ್ಪೀಡ್ ಎಷ್ಟು ಅಂತ ಮೊದಲೇ ಕೇಳಿಬಿಡಿ. 100 ಎಂಬಿಪಿಎಸ್ ಅಂದರೆ ಸೆಕೆಂಡಿಗೆ 100 ಎಂಬಿ ಫೈಲ್ ಇಳಿಯುತ್ತದೆ ಅಂತ ಅಲ್ಲ. ಎಂಟರಿಂದ ಭಾಗಿಸಿ. ಸಿಗುವುದು ಹನ್ನೆರಡೂವರೆ ಎಂಬಿ.

ಇನ್ನೊಂದು ಮುಖ್ಯ ಪ್ರಶ್ನೆ: "ಮೋಡೆಮನ್ನು ಬ್ರಿಡ್ಜ್ ಮೋಡ್‌ಗೆ ಹಾಕಿ ಕೊಡುತ್ತೀರಾ?" ಅಂದರೆ ಮೋಡೆಮ್ ಸಿಗ್ನಲ್ ದಾಟಿಸಿ ಕೊಡುವುದಷ್ಟೇ, ಉಳಿದ ಕೆಲಸ ನಿಮ್ಮ ರೂಟರ್‌ನದ್ದು. ವಿವರ ಮುಂದಿದೆ. ನಮ್ಮದು ಏಳು ಭಾಷೆಯ ನೆಲ. ಆದರೂ ಕಸ್ಟಮರ್ ಕೇರ್‌ನಲ್ಲಿ ಕನ್ನಡ ಸಿಗುತ್ತದೆ ಅಂತ ನಂಬಿ ಕೂರಬೇಡಿ. ಕೇಬಲಿನ ಹುಡುಗನ ಹತ್ತಿರ ತುಳುವಿನಲ್ಲೋ ಮಲಯಾಳದಲ್ಲೋ ಕೇಳಿ. ಬ್ರಿಡ್ಜ್ ಮೋಡ್ ಎಲ್ಲ ಭಾಷೆಯಲ್ಲೂ ಬ್ರಿಡ್ಜ್ ಮೋಡೇ.

ಕೇಬಲ್ ಎಳೆಯುವ ದಿನ ಮನೆಯಲ್ಲಿರಿ

ಎಳೆಯಲು ಬಂದವರಿಗೆ ಹೊತ್ತಿಲ್ಲ. ಕೇಬಲ್ ಒಳಗೆ ಬಂದ ಜಾಗದಲ್ಲೇ, ಅಂದರೆ ಬಾಗಿಲ ಪಕ್ಕದಲ್ಲಿ, ಮೋಡೆಮ್ ತೂಗುಹಾಕಿ ಹೋಗುತ್ತಾರೆ. ಆಗಲೇ "ಇನ್ನೊಂದು ಹತ್ತು ಮೀಟರ್ ಒಳಗೆ ತನ್ನಿ" ಅನ್ನಬೇಕು. ಆಮೇಲೆ ಕರೆದರೆ ಬರುವವರು ಯಾರು?

ಒಳಗಿರುವುದು ಗಾಜಿನ ಎಳೆ. ಮೂಲೆಯಲ್ಲಿ ಚೂಪಾಗಿ ಮಡಚಿದರೆ, ಬಿಗಿಯಾಗಿ ಮೊಳೆ ಹೊಡೆದರೆ ಬೆಳಕು ಅಲ್ಲೇ ಸೋರುತ್ತದೆ. ಗೋಡೆಯ ತೂತು ಹೊರಗಡೆಗೆ ಇಳಿಜಾರಾಗಿರಲಿ. ಒಳಬರುವ ಮುನ್ನ ಕೇಬಲ್ ಒಂದು ಸಲ ಕೆಳಗೆ ಬಾಗಿ ಮೇಲೇರಲಿ. ಇಲ್ಲವಾದರೆ ಆಟಿಯ ಮಳೆಯ ನೀರು ಕೇಬಲ್ ಹಿಡಿದುಕೊಂಡೇ ಗೋಡೆಯೊಳಗೆ ಇಳಿಯುತ್ತದೆ.

ಅವರ ಕೈಯಲ್ಲಿ ಬೆಳಕು ಅಳೆಯುವ ಮೀಟರ್ ಇರುತ್ತದೆ. ಅದರಲ್ಲಿ ಬಂದ ಅಂಕಿ ಕೇಳಿ, ಬರೆದಿಟ್ಟುಕೊಳ್ಳಿ. ಲೆಕ್ಕ ಮೈನಸ್‌ನಲ್ಲಿ (ಡಿಬಿಎಂ ಅನ್ನುವ ಅಳತೆ). ಮೈನಸ್ 20ರ ಆಸುಪಾಸು ಇದ್ದರೆ ಒಳ್ಳೆಯದು. ಮೈನಸ್ 27ಕ್ಕಿಂತ ಕೆಳಗೆ ಇಳಿದರೆ ಲೈನ್ ಆಗಾಗ ಕೈಕೊಡುತ್ತದೆ, ಜಾಯಿಂಟ್ ಮತ್ತೆ ಮಾಡಿಸಿ. ಮುಂದೆ ನೆಟ್ ನಿಧಾನವಾದ ದಿನ ಈ ಒಂದು ಅಂಕಿ ನಿಮ್ಮ ಪರವಾಗಿ ಮಾತಾಡುತ್ತದೆ. ಹಸಿರು ಕನೆಕ್ಟರ್ ಬಿಚ್ಚಿ ಒಳಗೆ ಇಣುಕಬೇಡಿ. ಆ ಬೆಳಕು ಕಣ್ಣಿಗೆ ಕಾಣುವುದಿಲ್ಲ, ಆದರೆ ಕಣ್ಣಿಗೆ ಒಳ್ಳೆಯದಲ್ಲ.

ರೂಟರ್ ಬಂದರೂ ಮೋಡೆಮ್ ಬಿಸಾಡುವಂತಿಲ್ಲ

ಹೊಸ ರೂಟರ್ ತಂದು, ಫೈಬರನ್ನು ಅದಕ್ಕೆ ಚುಚ್ಚಲು ಹೊರಟು ತಲೆ ಕೆರೆದುಕೊಂಡವರನ್ನು ನೋಡಿದ್ದೇನೆ. ನಾವು ಮೋಡೆಮ್ ಅನ್ನುವ ಪೆಟ್ಟಿಗೆಯ ನಿಜವಾದ ಹೆಸರು ಒಎನ್‌ಟಿ. ಬೆಳಕನ್ನು ನೆಟ್‌ವರ್ಕ್ ಸಿಗ್ನಲ್ ಮಾಡುವುದು ಅದರ ಕೆಲಸ. ಅದು ಇರಲೇಬೇಕು. ನಿಮ್ಮ ರೂಟರ್ ಅದರ ಹಿಂದೆ ಕೂರುತ್ತದೆ.

ಕೂರಿಸಲು ಎರಡು ದಾರಿ. ಸುಲಭದ ದಾರಿಯಲ್ಲಿ ಮೋಡೆಮ್‌ನ ಲ್ಯಾನ್ (LAN) ಪೋರ್ಟ್‌ನಿಂದ ರೂಟರ್‌ನ ವ್ಯಾನ್ (WAN) ಪೋರ್ಟ್‌ಗೆ ಒಂದು ಕೇಬಲ್ ಹಾಕಿ, ಮೋಡೆಮ್‌ನ ವೈಫೈ ಆಫ್ ಮಾಡಿ. ಆಯಿತು. ಒಂದು ತೊಡಕು ಮಾತ್ರ ನೋಡಿಕೊಳ್ಳಿ. ಎರಡರ ವಿಳಾಸವೂ 192.168.1.1 ಆಗಿದ್ದರೆ ಜಗಳ ಶುರುವಾಗುತ್ತದೆ. ಒಂದೇ ಮನೆ ನಂಬರಿನ ಎರಡು ಮನೆ ಇದ್ದರೆ ಪೋಸ್ಟ್‌ಮ್ಯಾನ್ ಏನು ಮಾಡಬೇಕು? ರೂಟರ್‌ನದ್ದನ್ನು 192.168.5.1 ಅಂತ ಬದಲಾಯಿಸಿ. ಮೊಬೈಲ್, ಟಿವಿ, ಮಕ್ಕಳ ಆನ್‌ಲೈನ್ ಕ್ಲಾಸ್ ಇಷ್ಟೇ ಇರುವ ಮನೆಗೆ ಈ ದಾರಿ ಸಾಕು ಅಂತ ನನ್ನ ಅಭಿಪ್ರಾಯ.

ಎರಡನೆಯದು ಬ್ರಿಡ್ಜ್ ಮೋಡ್. ಇಲ್ಲಿ ಮೋಡೆಮ್ ಸುಮ್ನೆ ಬೆಳಕು ಬದಲಿಸಿ ಕೊಡುತ್ತದೆ. ಲಾಗಿನ್ ಆಗುವುದು, ಎಲ್ಲರಿಗೂ ಹಂಚುವುದು ರೂಟರ್‌ನ ಜವಾಬ್ದಾರಿ. ಇದಕ್ಕೆ ಪಿಪಿಪಿಒಇ (PPPoE, ಕಂಪೆನಿಯ ನೆಟ್‌ಗೆ ಲಾಗಿನ್ ಆಗುವ ಕ್ರಮ) ಯೂಸರ್‌ನೇಮ್, ಪಾಸ್‌ವರ್ಡ್, ಕೆಲವು ಕಡೆ ವಿಲ್ಯಾನ್ (VLAN) ನಂಬರ್ ಬೇಕು. ಮೂರನ್ನೂ ಕೇಳಿ ಕಾಗದದಲ್ಲಿ ಬರೆಸಿಕೊಳ್ಳಿ. ಹೊಸ ರೂಟರ್‌ನ ಮ್ಯಾಕ್ ವಿಳಾಸ (ಪ್ರತಿ ಪೆಟ್ಟಿಗೆಗೂ ಇರುವ ಗುರುತಿನ ಸಂಖ್ಯೆ) ನೋಂದಾಯಿಸಬೇಕೇ ಅಂತಲೂ ವಿಚಾರಿಸಿ. ಮೋಡೆಮ್‌ಗೆ ಲ್ಯಾಂಡ್‌ಲೈನ್ ಫೋನ್ ಸಿಕ್ಕಿಸಿದ್ದರೆ, ಬ್ರಿಡ್ಜ್ ಮಾಡಿದ ಮೇಲೂ ಅದು ನಡೆಯುತ್ತದೆಯೇ ಅಂತ ಖಾತ್ರಿ ಮಾಡಿಕೊಂಡೇ ಮುಂದುವರಿಯಿರಿ. ಅಜ್ಜಿಯ ಫೋನ್ ಸತ್ತರೆ ನಿಮ್ಮ ಸ್ಪೀಡ್ ಯಾರಿಗೆ ಬೇಕು!

ಈ ಕಾಗದದ ಪಾಠ ನಾನು ಕಲಿತದ್ದು ಪೆಟ್ಟು ತಿಂದು. ಒಂದು ಶನಿವಾರ ರಾತ್ರಿ, "ಎಲ್ಲ ಹೊಸದಾಗಿ ಮಾಡೋಣ" ಅಂತ ಮೋಡೆಮ್‌ನ ರೀಸೆಟ್ ತೂತಿಗೆ ಸೇಫ್ಟಿ ಪಿನ್ ಚುಚ್ಚಿದೆ. ಕಂಪೆನಿಯವರು ಒಳಗೆ ಹಾಕಿಟ್ಟಿದ್ದ ಸೆಟ್ಟಿಂಗ್ ಎಲ್ಲ ಅಳಿಸಿಹೋಯಿತು. ಕೇಬಲಿನವರು ಬಂದದ್ದು ಮಂಗಳವಾರ. ಮೂರು ದಿನ ಮನೆಯವರು ನನ್ನನ್ನು ನೋಡಿದ ನೋಟ ಇನ್ನೂ ನೆನಪಿದೆ. ರೂಟರನ್ನು ಎಷ್ಟು ಸಲ ಬೇಕಾದರೂ ರೀಸೆಟ್ ಮಾಡಿ. ಮೋಡೆಮ್‌ನ ಆ ತೂತಿನ ತಂಟೆಗೆ ಹೋಗಬೇಡಿ.

ಕೊಳ್ಳುವಾಗ

ಕೊಂಬು ಎಷ್ಟಿದೆ ಅಂತ ಎಣಿಸಬೇಡಿ, ಆರು ಆಂಟೆನಾ ಇದ್ದರೂ ಮುರಕಲ್ಲು ಕರಗುವುದಿಲ್ಲ. ನೋಡಬೇಕಾದ್ದು ಮೂರು. ಪೋರ್ಟ್‌ಗಳು ಗಿಗಾಬಿಟ್ ಆಗಿರಬೇಕು. 2.4 ಮತ್ತು 5 ಗಿಗಾಹರ್ಟ್ಸ್ ಎರಡೂ ಬೇಕು. ವೈಫೈ 6 ಇದ್ದರೆ ಒಳ್ಳೆಯದು. ಟೆಲಿಫೋನ್ ತಂತಿ ಸಿಕ್ಕಿಸುವ ಹಳೆಯ ಮೋಡೆಮ್ ಅಟ್ಟದಲ್ಲಿದ್ದರೆ ಅಲ್ಲೇ ಇರಲಿ, ಇದಕ್ಕೆ ಆಗಿಬರುವುದಿಲ್ಲ.

ಗೋಡೆ ದಾಟಿಸುವ ಕೆಲಸ

5 ಗಿಗಾಹರ್ಟ್ಸ್ ವೇಗದ ಕುದುರೆ, ಆದರೆ ಗೋಡೆ ಕಂಡರೆ ಸೋಲುತ್ತದೆ. 2.4 ನಿಧಾನ, ಆದರೆ ದೂರ ಹೋಗುತ್ತದೆ. ಹಾಗಾಗಿ ರೂಟರನ್ನು ಮನೆಯ ನಡುವೆ, ತಲೆಯೆತ್ತರದಲ್ಲಿ ಇಡಿ. ಕಬ್ಬಿಣದ ಕಪಾಟಿನ ಹಿಂದೆ, ಟಿವಿಯ ಬೆನ್ನಿಗೆ ಬೇಡ.

ಮಾಳಿಗೆಗೂ ಬೇಕು ಅಂದರೆ ರಿಪೀಟರ್‌ಗೆ ದುಡ್ಡು ಹಾಕಬೇಡಿ. ಸಾದಾ ರಿಪೀಟರ್ ಕೇಳಿಸಿಕೊಂಡದ್ದನ್ನೇ ಮತ್ತೆ ಹೇಳಬೇಕು, ಅದರಲ್ಲೇ ಅರ್ಧ ವೇಗ ಹೋಗುತ್ತದೆ. ಅದರ ಬದಲು ಒಂದು ಕ್ಯಾಟ್ 6 (ತಾಮ್ರದ ನೆಟ್‌ವರ್ಕ್) ಕೇಬಲ್ ಎಳೆದು, ತುದಿಯಲ್ಲಿ ಇನ್ನೊಂದು ರೂಟರನ್ನು ಆಕ್ಸೆಸ್ ಪಾಯಿಂಟ್ ಮೋಡ್‌ನಲ್ಲಿ, ಅಂದರೆ ವೈಫೈ ಮಾತ್ರ ಹರಡುವಂತೆ, ಇಡಿ. ಎರಡಕ್ಕೂ ಒಂದೇ ವೈಫೈ ಹೆಸರು, ಒಂದೇ ಪಾಸ್‌ವರ್ಡ್ ಕೊಡಿ. ಈ ಕೇಬಲ್ 100 ಮೀಟರ್‌ವರೆಗೆ ಎಳೆಯಬಹುದು.

ಆದರೆ ಅಂಗಳ ದಾಟಿ ಕೊಟ್ಟಿಗೆಗೋ ಅಡಿಕೆ ಸುಲಿಯುವ ಶೆಡ್ಡಿಗೋ ತಾಮ್ರದ ಕೇಬಲ್ ಎಳೆಯಬೇಡಿ. ಅಕ್ಟೋಬರ್‌ನ ಸಂಜೆ ಸಿಡಿಲು ನಮ್ಮಲ್ಲಿ ಹೇಗಿರುತ್ತದೆ ಅಂತ ಗೊತ್ತಲ್ವಾ? ಗಾಜಿನ ಎಳೆಯಲ್ಲಿ ಕರೆಂಟ್ ಹರಿಯುವುದಿಲ್ಲ, ತಾಮ್ರದಲ್ಲಿ ಹರಿಯುತ್ತದೆ. ಅಲ್ಲಿಗೂ ಫೈಬರೇ ಸರಿ. ಹೊರಗಿನಿಂದ ಬರುವ ಫೈಬರ್ ಕೇಬಲ್‌ನ ಜತೆಗೆ ಉಕ್ಕಿನ ತಂತಿ ಇದ್ದರೆ ಅದನ್ನು ಹೊರಗಿನ ಕೊಕ್ಕೆಯಲ್ಲೇ ನಿಲ್ಲಿಸಲು ಹೇಳಿ. ಗುಡುಗು ಶುರುವಾದರೆ ಅಡಾಪ್ಟರ್ ಕೀಳುವ ಅಭ್ಯಾಸ ಮಾತ್ರ ಬಿಡಬೇಡಿ.

ಸ್ಪೀಡ್ ನೋಡುವ ಕ್ರಮ

ಮೊಬೈಲ್ ಹಿಡಿದುಕೊಂಡು ಬಚ್ಚಲಮನೆಯಿಂದ ಸ್ಪೀಡ್ ಟೆಸ್ಟ್ ಮಾಡಿ ಜಗಳಕ್ಕೆ ಹೋಗಬೇಡಿ. ಮೊದಲು ಲ್ಯಾಪ್‌ಟಾಪನ್ನು ಮೋಡೆಮ್‌ಗೆ ವೈರ್‌ನಲ್ಲಿ ಸಿಕ್ಕಿಸಿ ನೋಡಿ (ಬ್ರಿಡ್ಜ್ ಮಾಡಿದ್ದರೆ ರೂಟರ್‌ಗೇ ಸಿಕ್ಕಿಸಿ). ಆಮೇಲೆ ರೂಟರ್, ಕೊನೆಗೆ ವೈಫೈ. ಎಲ್ಲಿ ಬೀಳುತ್ತದೋ ಅಲ್ಲೇ ತೊಂದರೆ. 200 ಎಂಬಿಪಿಎಸ್ ಪ್ಲಾನ್ ಇದ್ದೂ ವೈರ್‌ನಲ್ಲಿ 95ರ ಹತ್ತಿರವೇ ನಿಂತರೆ ಒಂದೋ ಪೋರ್ಟ್ 100ರದ್ದು, ಇಲ್ಲವೇ ಕೇಬಲ್‌ನ ಎಂಟು ಎಳೆಗಳಲ್ಲಿ ಯಾವುದೋ ತುಂಡಾಗಿದೆ. ಗಿಗಾಬಿಟ್‌ಗೆ ಎಂಟೂ ಬೇಕು. ಕೇಬಲ್ ಬದಲಿಸಿ ನೋಡಿ.

ಕೊನೆಗೆ ರೂಟರ್‌ನ ಅಡ್ಮಿನ್ ಪಾಸ್‌ವರ್ಡ್ ಬದಲಿಸಿ, ಡಬ್ಲ್ಯುಪಿಎಸ್ (ಪಾಸ್‌ವರ್ಡ್ ಹಾಕದೆ ವೈಫೈ ಸೇರುವ ಸೌಲಭ್ಯ) ಆಫ್ ಮಾಡಿ, ಸಾಫ್ಟ್‌ವೇರ್ ಅಪ್‌ಡೇಟ್ ಹಾಕಿ. ಹತ್ತು ನಿಮಿಷದ ಕೆಲಸ, ಮುಂದೂಡಬೇಡಿ.

ಕರೆಂಟ್ ಹೋದಾಗ

ಫೈಬರ್‌ನ ಒಂದು ಲಾಭ ಹೆಚ್ಚಿನವರಿಗೆ ಗೊತ್ತಿಲ್ಲ. ಒಂದು ಎಳೆಯನ್ನು ಹಲವು ಮನೆಗೆ ಹಂಚುವ ಸ್ಪ್ಲಿಟರ್‌ಗೆ ಕರೆಂಟೇ ಬೇಡ. ಅತ್ತ ಕೇಬಲಿನವರ ಆಫೀಸಿನಲ್ಲಿ ಬ್ಯಾಟರಿ ಇದ್ದು, ಇತ್ತ ನಿಮ್ಮ ಎರಡು ಪೆಟ್ಟಿಗೆಗೆ ಕರೆಂಟ್ ಇದ್ದರೆ ಸಾಕು, ಊರೇ ಕತ್ತಲೆಯಾದರೂ ನೆಟ್ ಇರುತ್ತದೆ. ಅದಕ್ಕೆ ಒಂದು ಮಿನಿ ಯುಪಿಎಸ್ (ಸಣ್ಣ ಬ್ಯಾಟರಿ ಪೆಟ್ಟಿಗೆ) ತನ್ನಿ. ಅಡಾಪ್ಟರ್ ಮೇಲೆ ಬರೆದ ವೋಲ್ಟ್ ಸರಿಯಾಗಿ ಹೊಂದಬೇಕು, ಹೆಚ್ಚಾಗಿ 12 ಇರುತ್ತದೆ. ಆಂಪಿಯರ್ ಎರಡನ್ನೂ ಕೂಡಿಸಿದರೆ ಬರುವುದಕ್ಕಿಂತ ಕಡಿಮೆ ಇರಬಾರದು.

ಮೋಡೆಮ್‌ನಲ್ಲಿ ಎಲ್‌ಒಎಸ್ ಅಂತ ಬರೆದ ದೀಪ ಕೆಂಪಾಗಿ ಮಿನುಗಿದರೆ ಬೆಳಕೇ ಬರುತ್ತಿಲ್ಲ ಅಂತ ಅರ್ಥ. ರೂಟರ್ ಆಫ್ ಆನ್ ಮಾಡಿ ಪ್ರಯೋಜನ ಇಲ್ಲ. ಕೇಬಲಿನವರಿಗೆ ಫೋನ್ ಮಾಡಿ, ಅವರು ಬರುವುದರೊಳಗೆ ಕೊಡೆ ಹಿಡಿದು ಕಂಬದವರೆಗೆ ನಡೆದು ಬನ್ನಿ. ಕಳೆದ ಮಳೆಗಾಲದಲ್ಲಿ ನಮ್ಮಲ್ಲಿ ಎರಡು ಸಲ ಹೀಗಾಯಿತು. ಎರಡು ಸಲವೂ ಕೇಬಲ್ ಮೇಲೆ ಅಡಿಕೆ ಸೋಗೆ ಬಿದ್ದಿತ್ತು.