ಎಕ್ಸ್‌ಪಲ್ಸ್ ಸಸ್ಪೆನ್ಷನ್: ಟೇಪ್ ಹಿಡಿದು ಅಳೆದ ಮೇಲೆ ಗೊತ್ತಾಗಿದ್ದು

ದಿನಾ ಹುಬ್ಬಳ್ಳಿಯಿಂದ ಅಣ್ಣಿಗೇರಿ ಕಡೆ ಹೋಗಿ ಬರುತ್ತೇನೆ. ಬೀಜದ ವ್ಯಾಪಾರ. ಗದಗ ಹೈವೇ ಮೇಲೆ ಏನೂ ತೊಂದರೆ ಇಲ್ಲ, ಅಲ್ಲಿಂದ ಹಳ್ಳಿ ರಸ್ತೆಗೆ ಹೊರಳಿದರೆ ಶುರು. ಎರೆ ಮಣ್ಣು ಮಳೆಗೆ ಉಬ್ಬುತ್ತದೆ, ಬೇಸಿಗೆಗೆ ಬಿರಿಯುತ್ತದೆ, ಅದರ ಮೇಲೆ ಎಷ್ಟು ಚೆಂದ ಡಾಂಬರು ಹಾಕಿದರೂ ಸ್ವಲ್ಪ ವರ್ಷಕ್ಕೆ ರಸ್ತೆ ಅಲೆ ಅಲೆ ಆಗಿಬಿಡುತ್ತದೆ. ನನ್ನ ಎಕ್ಸ್‌ಪಲ್ಸ್ 200 ಬೈಕು ಅಲ್ಲಿ 60ರ ವೇಗಕ್ಕೇ ಜೋಕಾಲಿ ಆಡುತ್ತಿತ್ತು. ವಾಪಸ್ ಊರಿಗೆ ಬಂದು ಉಣಕಲ್ ಹತ್ತಿರ ಹಂಪ್ ಹತ್ತಿಸಿದರೆ ಹಿಂದಿನ ಸೀಟು ಎತ್ತಿ ಒಗೆಯುತ್ತಿತ್ತು.

ಮಿಸ್ತ್ರಿ ನೋಡಿದ ಕೂಡಲೇ ಹೇಳಿದ: "ಶಾಕ್ ಹೋಗೈತ್ರಿ, ಹೊಸಾದ ಹಾಕ್ರಿ." ಆ ಹೊತ್ತಿಗೆ ನಾನೂ ರ‍್ಯಾಲಿ ಕಿಟ್ ಕನಸು ಕಾಣುತ್ತಿದ್ದೆ. ಮುಂದಿನ ಸಸ್ಪೆನ್ಷನ್‌ಗೆ 250 ಮಿಮೀ ಮೇಲೆ ಕೆಳಗೆ ಓಡಾಟ ಕೊಡುವ ಕಿಟ್ ಅದು. ಆದರೆ ಈಗಿರುವ 823 ಮಿಮೀ ಸೀಟಿನ ಮೇಲೇ ತುದಿಗಾಲಲ್ಲಿ ನಿಲ್ಲುವವನು ಇನ್ನೂ ಎತ್ತರ ಮಾಡಿಕೊಂಡು ಏನು ಮಾಡಲಿ?

ಮೊದಲು ಟೈರ್ ನೋಡಿದೆ. ಬಂಕಿನ ಹುಡುಗ ಎರಡೂ ಗಾಲಿಗೆ 40 ಹೊಡೆದು ಕಳಿಸಿದ್ದ! ಕಂಪನಿ ಹೇಳಿದ ಗಾಳಿಗೆ ಇಳಿಸಿದ ಮೇಲೆ ಸಣ್ಣ ತಗ್ಗುಗಳ ಕಟಕಟ ಅರ್ಧ ಕಡಿಮೆಯಾಯಿತು. ಪುಕ್ಕಟೆ ಕೆಲಸ.

ಆಮೇಲೆ ಸ್ಯಾಗ್. ಅಂದರೆ ಗಾಡಿ ತನ್ನ ಭಾರಕ್ಕೆ ಎಷ್ಟು ಕುಸಿಯುತ್ತದೆ, ನಾವು ಕೂತ ಮೇಲೆ ಎಷ್ಟು ಕುಸಿಯುತ್ತದೆ ಅನ್ನುವ ಲೆಕ್ಕ. ಇದಕ್ಕೆ ಇನ್ನೊಬ್ಬರು ಬೇಕೇ ಬೇಕು. ನೆರೆಮನೆ ಹುಡುಗ ಹಿಂದೆ ಹಿಡಿದು ಗಾಲಿ ನೆಲ ಬಿಡುವ ಹಾಗೆ ಎತ್ತಿದ, ನಾನು ಆಕ್ಸಲ್‌ನಿಂದ ಸೀಟಿನ ಕೆಳಗೆ ಹಚ್ಚಿದ್ದ ಟೇಪಿನ ಗುರುತಿಗೆ ಅಳೆದೆ. ಕೆಳಗೆ ಬಿಟ್ಟು ಅಳೆದೆ. ಆಮೇಲೆ ಹೆಲ್ಮೆಟ್, ಬೂಟು, ಸ್ಯಾಂಪಲ್ ಚೀಲ ಎಲ್ಲ ಹಾಕಿಕೊಂಡು ನಾನು ಕೂತೆ, ಅವನು ಅಳೆದ. ನಾನು 86 ಕೆಜಿ, ಚೀಲ 12.

ಗಾಡಿ ಬಂದಾಗಿನಿಂದ ಇದ್ದ ಸೆಟ್ಟಿಂಗ್‌ನಲ್ಲಿ ಖಾಲಿ ಗಾಡಿ 16 ಮಿಮೀ, ನಾನು ಕೂತರೆ 62. ಹಿಂದಿನ ಒಟ್ಟು ಓಡಾಟ 170. ಅದರಲ್ಲಿ ಶೇಕಡ 30, ಅಂದರೆ 51 ಮಿಮೀ ಹತ್ತಿರ ಇದ್ದರೆ ಸರಿ. ಪ್ರಿಲೋಡ್ (ಸ್ಪ್ರಿಂಗನ್ನು ಮೊದಲೇ ಎಷ್ಟು ಒತ್ತಿಡಬೇಕು ಅನ್ನುವ ಹೊಂದಾಣಿಕೆ) 10 ಹಂತದ್ದು, ಸಿ ಸ್ಪ್ಯಾನರ್ ಹಾಕಿ ಕೊನೆಗೆ ತಿರುಗಿಸಿದೆ. ನಾನು ಕೂತರೆ 50. ಖುಷಿಯಾಯಿತು. ಆದರೆ ಖಾಲಿ ಗಾಡಿ ಬರೀ 4 ಮಿಮೀ ಕುಸಿಯಿತು.

ಇಲ್ಲೇ ನನ್ನ ತಲೆ ಓಡಿದ್ದು. 62ರಲ್ಲಿ 16 ಕಳೆದರೆ 46. 50ರಲ್ಲಿ 4 ಕಳೆದರೂ 46. ಪ್ರಿಲೋಡ್ ಎಷ್ಟು ತಿರುಗಿಸಿದರೂ ನನ್ನ ಭಾರಕ್ಕೆ ಸ್ಪ್ರಿಂಗ್ ಅಷ್ಟೇ ಕುಸಿಯುತ್ತದೆ! "ಟೈಟ್ ಮಾಡ್ರಿ, ಶಾಕ್ ಗಟ್ಟಿ ಆಗತೈತಿ" ಅಂತ ಎಲ್ಲರೂ ಹೇಳುತ್ತಾರಲ್ವಾ, ಆಗಲ್ಲ. ಗಾಡಿ ಎತ್ತರ ಆಗುತ್ತದೆ, ಅಷ್ಟೇ. ಕೂತಾಗ ಸರಿ ಬಂದು, ಖಾಲಿ ಇದ್ದಾಗ ಕುಸಿಯದೇ ಇದ್ದರೆ ಸ್ಪ್ರಿಂಗೇ ಮೆತ್ತಗೆ ಅಂತ ಅರ್ಥ. ಹಂಪ್ ಮೇಲೆ ಸೀಟು ಒಗೆಯುತ್ತಿದ್ದುದು ಆ ಕೊನೆಯ ಹಂತದಲ್ಲಿ ಇನ್ನೂ ಜಾಸ್ತಿಯಾಯಿತು, ಮೇಲಕ್ಕೆ ಬರಲು ಜಾಗವೇ ಇಲ್ಲವಲ್ಲ.

ಶೇಕಡ 15ರಷ್ಟು ಗಟ್ಟಿ ಸ್ಪ್ರಿಂಗ್ ಬೆಂಗಳೂರಿನಿಂದ ತರಿಸಿದೆ. ಶಾಕ್ ಹಳೆಯದೇ. ಸ್ಪ್ರಿಂಗ್ ಬದಲಿಸಲು ಗೋಕುಲ ರೋಡಿನ ಒಂದು ಲೇತ್ ಅಂಗಡಿಗೆ ಒಯ್ದು ಪ್ರೆಸ್‌ನಲ್ಲಿ ಒತ್ತಿಸಿದೆ. ಹಗ್ಗ ಕಟ್ಟಿ, ಮೊಣಕಾಲು ಕೊಟ್ಟು ಮನೆಯಲ್ಲಿ ಮಾಡುವ ಕೆಲಸ ಅಲ್ಲ ಇದು, ಜಾರಿದರೆ ಹಲ್ಲು ಹೋಗುತ್ತದೆ. ಈಗ ಖಾಲಿ 11, ಕೂತರೆ 51.

ಮುಂದಿನ ಫೋರ್ಕ್, ಅಂದರೆ ಮುಂದಿನ ಗಾಲಿ ಹಿಡಿದಿರುವ ಎರಡು ಶಾಕ್ ಕೊಳವೆ, ಮಾತ್ರ ಮನೆಯಲ್ಲೇ ಬಿಚ್ಚಿದೆ. ರಬ್ಬರ್ ಕವರ್ ಮೇಲೆ ಸರಿಸಿ ಕೊಳವೆಗೆ ಜಿಪ್ ಟೈ ಕಟ್ಟಿ ಅಳೆದಾಗ 190 ಮಿಮೀ ಓಡಾಟದಲ್ಲಿ 72 ಮಿಮೀ ಕುಸಿಯುತ್ತಿತ್ತು. ಸ್ಪ್ರಿಂಗ್ ಮೇಲೆ 10 ಮಿಮೀ ಪಿವಿಸಿ ಪೈಪಿನ ತುಂಡು, ಎರಡೂ ಬದಿ ವಾಷರ್. 62ಕ್ಕೆ ಬಂತು. (ಕ್ಯಾಪ್ ಬಿಚ್ಚುವಾಗ ಮೇಲಿಂದ ಒತ್ತಿ ಹಿಡಿಯಿರಿ. ನನ್ನದು ಟಣ್ ಅಂತ ಹಾರಿ ತಗಡಿಗೆ ಬಡಿದು ಅಕ್ಕಪಕ್ಕದವರೆಲ್ಲ ಹೊರಗೆ ಬಂದರು.)

ಫೋರ್ಕ್ ಒಳಗಿನ ಎಣ್ಣೆ 26,000 ಕಿಮೀ ಓಡಿದ್ದು. ಬಂದದ್ದು ಕಪ್ಪು ಕಷಾಯ, ಮೀನಿನ ವಾಸನೆ ಬೇರೆ. ಅಲೆ ರಸ್ತೆಗೆ ದಪ್ಪ ಎಣ್ಣೆ ಒಳ್ಳೆಯದು ಅಂದುಕೊಂಡು 15ಡಬ್ಲ್ಯೂ ಹಾಕಿದೆ. ಅಣ್ಣಿಗೇರಿ ಕಡೆ ಬೆಣ್ಣೆ ಹಾಗೆ ಹೋಯಿತು. ಹುಬ್ಬಳ್ಳಿ ತಗ್ಗಿಗೆ ಬಂದರೆ ಮುಂಗೈ ಜೋಮು! ಕಾರಣ ಸರಳ. ಈ ಫೋರ್ಕ್ ಒಳಗೆ ಎಣ್ಣೆ ಸಣ್ಣ ತೂತುಗಳಿಂದ ನುಗ್ಗಬೇಕು. ಫೋರ್ಕ್ ಒಳಗೆ ಹೋಗುವ ವೇಗ ಎರಡು ಪಟ್ಟಾದರೆ ತಡೆ ಹತ್ತಿರ ಹತ್ತಿರ ನಾಲ್ಕು ಪಟ್ಟಾಗುತ್ತದೆ. ಅಲೆ ಮೇಲೆ ಫೋರ್ಕ್ ನಿಧಾನ ಇಳಿಯುತ್ತದೆ, ತಗ್ಗಿನ ಅಂಚಿಗೆ ಮಾತ್ರ ರಪ್ಪನೆ ಹೋಗಬೇಕು, ಹೋಗಲಾರದೆ ಏಟು ಕೈಗೆ ಬರುತ್ತದೆ. ಮತ್ತೆ ಆ ಎಣ್ಣೆ ಹೊರಗೆ ಸುರಿದು 10 ಮತ್ತು 15 ಅರ್ಧರ್ಧ ಬೆರೆಸಿದೆ. ಒಂದೇ ಕಂಪನಿಯದು ಬೆರೆಸಬೇಕು, ಒಬ್ಬರ 10 ಇನ್ನೊಬ್ಬರ 10 ಇದ್ದ ಹಾಗೆ ಇರುವುದಿಲ್ಲ.

ಎಣ್ಣೆಯ ಮಟ್ಟ ಸ್ಪ್ರಿಂಗ್ ತೆಗೆದು, ಫೋರ್ಕ್ ಪೂರ್ತಿ ಒತ್ತಿ, ಮೇಲಿನ ಅಂಚಿನಿಂದ ಅಳೆಯಬೇಕು. ದೊಡ್ಡ ಸಿರಿಂಜಿಗೆ ಸಣ್ಣ ನಳಿಗೆ ಸಿಕ್ಕಿಸಿ ಹೆಚ್ಚಾದದ್ದನ್ನು ಎಳೆದೆ. ಕಂಪನಿಯ ಅಳತೆಗಿಂತ 5 ಮಿಮೀ ಮೇಲೆ ಬಿಟ್ಟಿದ್ದೇನೆ, ಒಳಗೆ ಗಾಳಿಗೆ ಜಾಗ ಕಡಿಮೆಯಾಗಿ ಕೊನೆಯಲ್ಲಿ ಅದೇ ಇನ್ನೊಂದು ಸ್ಪ್ರಿಂಗ್ ಥರ ತಡೆಯುತ್ತದೆ. ಫೋರ್ಕಿನ ಎರಡೂ ಕಾಲಲ್ಲಿ ಮಟ್ಟ ಒಂದೇ ಇರಲಿ.

ಒಮ್ಮೆಗೆ ಒಂದೇ ಬದಲಾವಣೆ, ಅದೇ ರಸ್ತೆ, ಅದೇ ವೇಗ, ಡೈರಿಯಲ್ಲಿ ಒಂದು ಸಾಲು. ಇಷ್ಟಕ್ಕೇ ಮೂರು ಭಾನುವಾರ ಹೋದವು, ಮನೆಯಲ್ಲಿ ಬೈಸಿಕೊಂಡಿದ್ದು ಬೇರೆ. ಈಗ ಹೆಂಡತಿ ಹಿಂದೆ ಕೂತರೆ ಮೂರು ಹಂತ ಮೇಲೆ, ಇಳಿದರೆ ಮೂರು ಹಂತ ಕೆಳಗೆ, ಅದಕ್ಕೆ ಸಿ ಸ್ಪ್ಯಾನರ್ ಚೀಲದಲ್ಲೇ ಇರುತ್ತದೆ. ಹಂಪ್ ಮೇಲೆ ಹಿಂದೆ ಇನ್ನೂ ಸ್ವಲ್ಪ ಬೇಗ ಎದ್ದು ಬರುತ್ತದೆ. ಹಳೆ ಶಾಕ್‌ನ ಎಣ್ಣೆ ಗಟ್ಟಿ ಸ್ಪ್ರಿಂಗನ್ನು ಪೂರ್ತಿ ಹಿಡಿಯುತ್ತಿಲ್ಲ. ಎಡಗಡೆ ಫೋರ್ಕ್ ಸೀಲ್ ಬೇರೆ ಮೊನ್ನೆಯಿಂದ ಬೆವರುತ್ತಿದೆ.