ಕಾರು ಬಿಚ್ಚುವ ಮೊದಲು ಗ್ಯಾರೇಜ್ ಒಣಗಿಸಿದ್ದು

ಟ್ರಯಂಫ್ ಸ್ಪಿಟ್‌ಫೈರ್‌ನಂಥ ಹಳೇ ಸ್ಪೋರ್ಟ್ಸ್ ಕಾರನ್ನು ರಿಸ್ಟೋರ್ ಮಾಡಲು ಕೈಹಾಕಿದರೆ ಅದರ ತಗಡು ತಿಂಗಳುಗಟ್ಟಲೆ ಬರಿಮೈಯಲ್ಲಿ ಇರುತ್ತದೆ. ಹಳೇ ಬಣ್ಣ, ಅಂಡರ್‌ಕೋಟಿಂಗ್, ಗ್ರೀಸ್ ಎಲ್ಲ ಹೋಗಿರುತ್ತದೆ, ಹೊಸ ಪ್ರೈಮರ್ ಇನ್ನೂ ಬಿದ್ದಿರುವುದಿಲ್ಲ. ಗಾಳಿಯ ತೇವಾಂಶ ಶೇ. 60ರ ಗಡಿ ದಾಟಿತೆಂದರೆ ಬರಿ ಉಕ್ಕಿಗೆ ತುಕ್ಕು ಹಿಡಿಯುವ ವೇಗ ಒಮ್ಮೆಲೇ ಏರುತ್ತದೆ. ಕಡಲ ಉಪ್ಪು ಕೂತ ತಗಡಿಗೆ ಅಷ್ಟೂ ಬೇಡ. ಆ ಉಪ್ಪಿನಲ್ಲಿರುವ ಮೆಗ್ನೀಷಿಯಂ ಕ್ಲೋರೈಡ್ ಶೇ. 35ರ ಆಸುಪಾಸಿನಲ್ಲೇ ಗಾಳಿಯಿಂದ ನೀರೆಳೆದು ಒದ್ದೆಯಾಗುತ್ತದೆ. ನನ್ನ ಗ್ಯಾರೇಜ್ ಇರುವುದು ದಕ್ಷಿಣ ಗೋವಾದ ಬಾಣಾವಲಿ ಕಡೆ, ಸಮುದ್ರದಿಂದ ಎರಡು ಕಿಲೋಮೀಟರ್ ಒಳಗೆ. ಜುಲೈನಲ್ಲಿ ಒಳಗಿನ ಹೈಗ್ರೋಮೀಟರ್ (ತೇವಾಂಶ ಅಳೆಯುವ ಸಾಧನ) ಶೇ. 88 ತೋರಿಸುತ್ತಿತ್ತು. ಅದಕ್ಕೇ ಕಾರಿನ ಒಂದು ಬೋಲ್ಟನ್ನೂ ಬಿಚ್ಚದೆ ಅಕ್ಟೋಬರ್ ಕೊನೆಯಿಂದ ಮೇ ತನಕದ ಒಣ ಕಾಲವನ್ನು ಪೂರ್ತಿ ಗ್ಯಾರೇಜಿಗೇ ಕೊಟ್ಟೆ. ಕರಾವಳಿಯಲ್ಲಿ ಗ್ಯಾರೇಜ್ ರಿಪೇರಿ ಅಂದರೆ ಮೊದಲು ಅದನ್ನು ಒಣಗಿಸುವುದು. ಟೂಲ್ ಕಪಾಟು, ಗೋಡೆಯ ಬಣ್ಣ ಎಲ್ಲ ಆಮೇಲೆ.

ಒಳ ಅಳತೆ 6 ಮೀಟರ್ ಉದ್ದ, 3.6 ಮೀಟರ್ ಅಗಲ. ಜಂಬಿಟ್ಟಿಗೆಯ ಗೋಡೆ (ಉತ್ತರ ಕನ್ನಡದವರು ಚೀರೆಕಲ್ಲು ಅನ್ನುವುದು ಇದನ್ನೇ), ಮೇಲೆ ಮಂಗಳೂರು ಹಂಚು, ಎದುರಿಗೆ ರೋಲಿಂಗ್ ಶಟರ್. ಸ್ಪಿಟ್‌ಫೈರ್ ಸುಮಾರು 3.7 ಮೀಟರ್ ಉದ್ದ, 1.45 ಮೀಟರ್ ಅಗಲ. ಧಾರಾಳ ಜಾಗ ಇದೆ ಅನ್ನಿಸುತ್ತದೆ. ಆದರೆ ಇದರ ಬಾನೆಟ್ಟು ಮಡ್‌ಗಾರ್ಡ್ ಸಮೇತ ಒಂದೇ ತುಂಡಾಗಿ ಮುಂದಕ್ಕೆ ಮಗುಚಿಕೊಳ್ಳುತ್ತದೆ, ಮೂತಿಯ ಮುಂದೆ ಒಂದು ಮೀಟರ್ ಖಾಲಿ ಬೇಕು. ಬಾಡಿ, ಚಾಸಿಸ್ ಎರಡೂ ಬೇರೆ ಬೇರೆ. ಬಾಡಿ ಎತ್ತಿಟ್ಟ ದಿನದಿಂದ ಒಂದು ಕಾರಿಗೆ ಎರಡು ಕಾರಿನ ಜಾಗ ಹಿಡಿಯುತ್ತದೆ. ಅದಕ್ಕೆ ಉದ್ದನೆಯ ಗೋಡೆಗಳಿಗೆ ಏನೂ ಕೂರಿಸದೆ ಬೆಂಚು, ರ‍್ಯಾಕು ಎರಡನ್ನೂ ಹಿಂಗೋಡೆಗೆ ಇಟ್ಟೆ. ಬಾಡಿಗೆ ಗಾಲಿಯ ಟ್ರಾಲಿ.

ತೇವ ಎಲ್ಲಿಂದ ಬರುತ್ತಿದೆ ಅನ್ನುವುದು ಗೊತ್ತಾಗದೆ ದುಡ್ಡು ಹಾಕಬಾರದು. 45 ಸೆಂಟಿಮೀಟರ್ ಚೌಕದ ಪಾರದರ್ಶಕ ಪ್ಲಾಸ್ಟಿಕ್ ಹಾಳೆಯನ್ನು ನೆಲದ ಮೇಲೆ ಹಾಸಿ ನಾಲ್ಕೂ ಅಂಚಿಗೆ ಟೇಪ್ ಹಚ್ಚಬೇಕು. ಕನಿಷ್ಠ 16 ಗಂಟೆ ಬಿಡಬೇಕು, ನಾನು 24 ಗಂಟೆ ಬಿಟ್ಟೆ. ಹಾಳೆಯ ಕೆಳಗೆ ಹನಿ ಕಟ್ಟಿದರೆ, ಇಲ್ಲವೇ ನೆಲ ಕಪ್ಪಾದರೆ, ನೀರು ಭೂಮಿಯಿಂದ ಏರುತ್ತಿದೆ. ಹಾಳೆಯ ಮೇಲ್ಮೈಯಲ್ಲಿ ಹನಿ ಕಂಡರೆ ಅದು ಗಾಳಿಯ ನೀರು. 30 ಡಿಗ್ರಿ ಶಾಖ, ಶೇ. 85 ತೇವಾಂಶ ಇದ್ದಾಗ ಇಬ್ಬನಿ ಕಟ್ಟುವ ಮಟ್ಟ ಸುಮಾರು 27 ಡಿಗ್ರಿ. ನೆಲ ಅದಕ್ಕಿಂತ ಒಂದು ಡಿಗ್ರಿ ತಂಪಿದ್ದರೂ ಬೆವರುತ್ತದೆ. ನನ್ನಲ್ಲಿ ಎರಡೂ ಕಂಡವು. ಭೂಮಿಯ ನೀರಿಗೆ ಮದ್ದು ನೆಲದಡಿಯ ಹಾಳೆ, ಗಾಳಿಯ ನೀರಿಗೆ ಮದ್ದು ಮುಚ್ಚಿದ ಕೋಣೆ. ಒಂದರ ಮದ್ದು ಇನ್ನೊಂದಕ್ಕೆ ನಾಟುವುದಿಲ್ಲ.

ಎಲ್ಲಕ್ಕಿಂತ ಅಗ್ಗವಾಗಿ ಮುಗಿದು ಎಲ್ಲಕ್ಕಿಂತ ಹೆಚ್ಚು ಫಲ ಕೊಟ್ಟದ್ದು ಹೊರಗಿನ ಕೆಲಸ. ಹಿಂಬದಿಯ ಅಂಗಳ ಗ್ಯಾರೇಜಿನ ನೆಲಕ್ಕಿಂತ 10 ಸೆಂಟಿಮೀಟರ್ ಎತ್ತರ ಇತ್ತು. ವರ್ಷವರ್ಷ ಎಲೆ, ಮಣ್ಣು ಕೂತು ಹಾಗಾಗಿತ್ತು. ಆ ಮಣ್ಣು ಕಡಿದು, ಗೋಡೆಗುಂಟ 75 ಸೆಂಟಿಮೀಟರ್ ಅಗಲದ ಕಾಂಕ್ರೀಟ್ ಪಟ್ಟಿಯನ್ನು ಹೊರಗೆ ಇಳಿಜಾರಾಗಿ ಹಾಕಿಸಿದೆ. ಸೂರಂಚಿಗೆ ಮಳೆನೀರಿನ ದೋಣಿ, ಅದರಿಂದ 110 ಮಿಲಿಮೀಟರ್ ಪೈಪು ನೇರ ಚರಂಡಿಗೆ. ಒಂದು ಚದರ ಮೀಟರ್ ಮೇಲೆ ಒಂದು ಮಿಲಿಮೀಟರ್ ಮಳೆ ಬಿದ್ದರೆ ಒಂದು ಲೀಟರ್. ಸೂರು ಸೇರಿ 30 ಚದರ ಮೀಟರ್ ಮಾಡಿನ ಮೇಲೆ 100 ಮಿಲಿಮೀಟರ್ ಸುರಿದ ದಿನ 3000 ಲೀಟರ್ ನೀರು ಗೋಡೆಯ ಬುಡಕ್ಕೆ ಬೀಳುತ್ತಿತ್ತು. ಗೋವಾದ ಮಳೆಗಾಲದಲ್ಲಿ ಅಂಥ ದಿನ ಅಪರೂಪವೇನಲ್ಲ.

ಇನ್ನು ನೆಲ. ಅಗೆಯುವ ಮೊದಲು ಒಂದು ಮೂಲೆಯಲ್ಲಿ ಗುಂಡಿ ತೋಡಿ ಪಾಯ ಎಷ್ಟು ಆಳಕ್ಕಿದೆ ನೋಡಿಕೊಂಡೆ. ಹಳೇ ಜಂಬಿಟ್ಟಿಗೆ ಗೋಡೆಗಳ ಪಾಯ ಹೆಚ್ಚು ಆಳ ಇರುವುದಿಲ್ಲ, ಅದರ ತಳಕ್ಕಿಂತ ಕೆಳಗೆ ಅಗೆದರೆ ಗೋಡೆ ಕೂರುತ್ತದೆ. ನನಗೆ ಬೇಕಿದ್ದದ್ದು 325 ಮಿಲಿಮೀಟರ್: 150 ಸೋಲಿಂಗ್ (ಕಲ್ಲು ಜೋಡಿಸಿದ ತಳ), 50 ಮಿಲಿಮೀಟರಿನ 1:4:8 (ಸಿಮೆಂಟ್, ಮರಳು, ಜಲ್ಲಿಯ ಪಾಲು) ಬೆಡ್ ಕಾಂಕ್ರೀಟ್, 125 ಸ್ಲ್ಯಾಬ್. ಸೋಲಿಂಗ್ ಸಂದುಗಳಿಗೆ ಗರಸು ತುಂಬಿ ಪ್ಲೇಟ್ ಕಂಪ್ಯಾಕ್ಟರ್ ಓಡಿಸಬೇಕು, ಕೈದಿಮ್ಮಿಸ ಸಾಲದು. ಬೆಡ್ ಕಾಂಕ್ರೀಟ್ ಒಣಗಿದ ಮೇಲೆ 250 ಮೈಕ್ರಾನ್ ಪಾಲಿಥೀನ್, ಅಂಗಡಿಯಲ್ಲಿ 1000 ಗೇಜ್ ಅಂದರೆ ಕೊಡುತ್ತಾರೆ. ಹಾಳೆ ಹಾಳೆಯ ಮೇಲೆ 30 ಸೆಂಟಿಮೀಟರ್ ಹತ್ತಿ ಟೇಪ್ ಬೀಳಬೇಕು, ಗೋಡೆಯ ಹತ್ತಿರ ಸ್ಲ್ಯಾಬಿನ ಎತ್ತರದವರೆಗೆ ಮೇಲೆ ಮಡಿಸಬೇಕು. ಮಡಿಸದೆ ಬಿಟ್ಟರೆ ನೀರು ಅಂಚಿನಿಂದ ಬರುತ್ತದೆ. ಗೋಡೆಗೂ ಸ್ಲ್ಯಾಬಿಗೂ ನಡುವೆ 12 ಮಿಲಿಮೀಟರ್ ಥರ್ಮೋಕೋಲ್ ಪಟ್ಟಿ. ಮೇಲೆ 8 ಮಿಲಿಮೀಟರ್ ಸರಳು, ಎರಡೂ ಕಡೆ 200 ಮಿಲಿಮೀಟರಿಗೆ ಒಂದು. ಸರಳು ಕಟ್ಟುವವರು ಚಪ್ಪಲಿಯ ಮೊಳೆಯಿಂದಲೂ ತಂತಿಯ ತುದಿಯಿಂದಲೂ ಹಾಳೆ ತೂತು ಮಾಡುತ್ತಾರೆ. ಕಾಂಕ್ರೀಟ್ ಬೀಳುವ ಮುಂಚೆ ಮಂಡಿಯೂರಿ ಇಡೀ ನೆಲ ಹುಡುಕಿ ಹನ್ನೊಂದು ತೂತಿಗೆ ಟೇಪ್ ಹಚ್ಚಿದೆ.

ಕಾಂಕ್ರೀಟ್ 2.7 ಘನ ಮೀಟರ್, 1:1.5:3, ಸಿಮೆಂಟ್ 22 ಚೀಲ. ಚೀಲಕ್ಕೆ 25 ಲೀಟರ್ ನೀರು. ಜಗಳ ಬರುವುದು ಇಲ್ಲೇ. ಗೋವಾದಲ್ಲಿ ಗೌಂಡಿ ಕೆಲಸಕ್ಕೆ ಗದಗ, ಬಾಗಲಕೋಟೆ, ವಿಜಯಪುರದ ಕಡೆಯವರು ಬಹಳ ಮಂದಿ ಸಿಗುತ್ತಾರೆ, ಕೈ ಚೊಕ್ಕ. ಆದರೆ ಮಧ್ಯಾಹ್ನದ ಬಿಸಿಲಿಗೆ "ಇನ್ನೊಂದ್ ಕೊಡ ನೀರ್ ಹಾಕೂಣ್ರಿ ಸರ, ಇಲ್ಲಂದ್ರ ಮಾಲ್ ಸಾಗಂಗಿಲ್ಲ" ಅನ್ನುವ ಮಾತು ಬಂದೇ ಬರುತ್ತದೆ. ಹೆಚ್ಚಿನ ನೀರು ಹಾರಿಹೋಗುವಾಗ ಬಿಟ್ಟ ದಾರಿಯಲ್ಲೇ ನಾಳೆ ತೇವ ಓಡಾಡುತ್ತದೆ, ಮೇಲ್ಮೈ ಪುಡಿಯಾಗುತ್ತದೆ. ನೀರಿನ ಬದಲು ಮಾಲನ್ನು ಸಡಿಲ ಮಾಡುವ ಪ್ಲಾಸ್ಟಿಸೈಸರ್ ದ್ರಾವಣ ಹಾಕಿಸಿ, ಬೆಳಗ್ಗೆ ಏಳಕ್ಕೇ ಶುರು ಮಾಡಿಸಿದೆ. ಸಮುದ್ರದ ಮರಳು ಎಷ್ಟು ತೊಳೆದದ್ದು ಅಂದರೂ ಬೇಡ, ಅದರ ಉಪ್ಪು ಸರಳನ್ನು ತಿನ್ನುತ್ತದೆ.

ಇಡೀ ನೆಲಕ್ಕೆ ಇಳಿಜಾರು ಕೊಡುವ ರೂಢಿ ಇದೆ. ಕಾರು ನಿಲ್ಲಿಸಲು ಅದು ಸರಿ, ಚಾಸಿಸ್ ಅಳೆಯಲು ತಪ್ಪು. ತೂಗುಗುಂಡು ಬಿಟ್ಟು ನೆಲದ ಮೇಲೆ ಸೀಮೆಸುಣ್ಣದಲ್ಲಿ ಗುರುತು ಹಾಕಿ ಕರ್ಣ ಅಳೆಯುವಾಗ ನೆಲವೇ ನಿಮ್ಮ ಅಳತೆಪಟ್ಟಿ. ನಡುವಿನ 4.2 ಮೀಟರ್ ಉದ್ದ, 2.2 ಮೀಟರ್ ಅಗಲದ ಜಾಗವನ್ನು ಪೂರ್ತಿ ಮಟ್ಟ ಇರಿಸಿದೆ. ಎರಡು ಮೀಟರ್ ಪಟ್ಟಿ ಇಟ್ಟರೆ 3 ಮಿಲಿಮೀಟರಿಗಿಂತ ಹೆಚ್ಚು ಸಂದು ಕಾಣಬಾರದು. ಇಳಿಜಾರು ಬಾಗಿಲ ಬಳಿಯ ಕೊನೆಯ 1.2 ಮೀಟರಿಗೆ ಮಾತ್ರ, ಅಲ್ಲೊಂದು ಜಾಲರಿ ಮುಚ್ಚಿದ ತೋಡು. ಒಣ ಸಿಮೆಂಟ್ ಎರಚಿ ಕನ್ನಡಿ ಹಾಗೆ ನಯ ಮಾಡಲು ಗೌಂಡಿಗೆ ಬಿಡಬೇಡಿ, ಮುಂದೆ ನೆಲಕ್ಕೆ ಬಳಿಯುವ ಎಪಾಕ್ಸಿ ಬಣ್ಣ ಆ ತೆಳು ಪದರದ ಸಮೇತ ಎದ್ದು ಬರುತ್ತದೆ. ಮರುದಿನವೇ 3 ಮೀಟರಿನಲ್ಲಿ ಅಡ್ಡಡ್ಡ 30 ಮಿಲಿಮೀಟರ್ ಆಳಕ್ಕೆ ಕಟ್ಟರ್ ಹೊಡೆಸಿದೆ. ಸ್ಲ್ಯಾಬು ಕುಗ್ಗುವಾಗ ಬಿರುಕು ಆ ಗೆರೆಯೊಳಗೇ ಬೀಳಲಿ ಅಂತ. ಹತ್ತು ದಿನ ಮಣ್ಣಿನ ಕಟ್ಟೆ ಕಟ್ಟಿ ನೀರು ನಿಲ್ಲಿಸಿದ್ದು.

ಆಮೇಲೆ ಕಾಯಬೇಕು. ಕೆಳಗೆ ಪ್ಲಾಸ್ಟಿಕ್ ಇರುವುದರಿಂದ ಸ್ಲ್ಯಾಬು ಮೇಲ್ಮುಖವಾಗಿ ಮಾತ್ರ ಒಣಗುತ್ತದೆ. 25 ಮಿಲಿಮೀಟರಿಗೆ ಒಂದು ತಿಂಗಳು ಅನ್ನುವುದು ಕೆಲಸದವರ ಲೆಕ್ಕ, ಅಂದರೆ ಐದು ತಿಂಗಳು. ನವೆಂಬರ್ ಕೊನೆಗೆ ಹಾಕಿದ ನೆಲಕ್ಕೆ ಎಪಾಕ್ಸಿ ಬಿದ್ದದ್ದು ಏಪ್ರಿಲ್ ಕೊನೆಗೆ. ಫೆಬ್ರವರಿಯಲ್ಲಿ ಹಾಕಿದ್ದರೆ ಒಣಗುವ ಮುಂಚೆ ಮಳೆ ಬರುತ್ತಿತ್ತು.

ಕಾರಿನಡಿ ನಿಂತು ಕೆಲಸ ಮಾಡುವ ತಳಗುಂಡಿ ತೋಡಿಸಲಿಲ್ಲ. ಜುಲೈನಲ್ಲಿ ಇಲ್ಲಿಯ ಬಾವಿಗಳ ನೀರು ಎಷ್ಟು ಮೇಲಕ್ಕೆ ಬರುತ್ತದೆ ನೋಡಿದವರಿಗೆ ಆ ಗುಂಡಿಯೂ ಬಾವಿಯಾಗುತ್ತದೆಂದು ಬೇರೆ ಹೇಳಬೇಕಿಲ್ಲ. ಪೆಟ್ರೋಲ್ ಆವಿ ಗಾಳಿಗಿಂತ ಭಾರ, ಗುಂಡಿಯಲ್ಲಿ ಇಳಿದು ನಿಲ್ಲುತ್ತದೆ. ಗ್ರೈಂಡರಿನ ಒಂದು ಕಿಡಿ ಸಾಕು. ಇಷ್ಟು ಹಗುರದ ಕಾರಿಗೆ ನಾಲ್ಕು ಒಳ್ಳೆ ಆಕ್ಸಲ್ ಸ್ಟ್ಯಾಂಡು, ಪ್ರತಿಯೊಂದರ ಕೆಳಗೂ ಒಂದಡಿ ಚೌಕದ 18 ಮಿಲಿಮೀಟರ್ ಪ್ಲೈವುಡ್ ಇದ್ದರೆ ಸಾಕು.

ಗೋಡೆಯಲ್ಲಿ ಒಂದು ಮೀಟರ್ ಎತ್ತರದ ತನಕ ಬಿಳಿ ಉಪ್ಪು ಒಡೆದಿತ್ತು. ಜಂಬಿಟ್ಟಿಗೆ ಸ್ಪಂಜಿನ ಹಾಗೆ ನೀರೆಳೆಯುವ ಕಲ್ಲು. ಅದರ ಮೇಲೆ ಸಿಮೆಂಟ್ ಗಿಲಾವು ಮೆತ್ತಿದರೆ ನೀರಿಗೆ ಹೊರಬರಲು ದಾರಿ ಇಲ್ಲದೆ ಇನ್ನೂ ಮೇಲಕ್ಕೇರುತ್ತದೆ, ಉಪ್ಪು ಗಿಲಾವಿನ ಹಿಂದೆ ಹರಳುಗಟ್ಟಿ ಅದನ್ನೇ ತಳ್ಳಿ ಬೀಳಿಸುತ್ತದೆ. 1.2 ಮೀಟರ್ ತನಕದ ಸಿಮೆಂಟ್ ಕೆತ್ತಿಸಿ, ಸಂದುಗಳನ್ನು 20 ಮಿಲಿಮೀಟರ್ ಆಳಕ್ಕೆ ಕೆದರಿಸಿ, ಉಪ್ಪನ್ನು ಒಣ ಬ್ರಷ್‌ನಲ್ಲಿ ಉಜ್ಜಿ ಗುಡಿಸಿದೆ. ತೊಳೆದರೆ ಉಪ್ಪು ಕರಗಿ ಮತ್ತೆ ಒಳಗೆ ಹೋಗುತ್ತದೆ. ಎರಡು ತಿಂಗಳು ಹಾಗೇ ಬಿಟ್ಟು, ಜನವರಿಯಲ್ಲಿ ಸುಣ್ಣದ ಗಾರೆ: ನೆನೆಸಿ ಹದವಾದ ಸುಣ್ಣ ಒಂದು ಪಾಲು, ಮರಳು ಮೂರು ಪಾಲು, ಜೊತೆಗೆ ಸ್ವಲ್ಪ ಇಟ್ಟಿಗೆ ಪುಡಿ. 10 ಮಿಲಿಮೀಟರಿನ ಎರಡು ಪದರ, ನಡುವೆ ಹತ್ತು ದಿನ, ಒದ್ದೆ ಗೋಣಿ ಇಳಿಬಿಟ್ಟು. ಮೇಲೆ ಬರೀ ಸುಣ್ಣ. ಪ್ಲಾಸ್ಟಿಕ್ ಪೇಂಟ್ ಬಳಿದರೆ ಮಾಡಿದ್ದೆಲ್ಲ ವ್ಯರ್ಥ. ಈ ಕಲ್ಲಿಗೆ ಹೊಡೆದ ರಾಲ್‌ಪ್ಲಗ್ ಭಾರಕ್ಕೆ ಪುಡಿ ಉದುರಿ ಕಿತ್ತುಬರುತ್ತದೆ, ಆದ್ದರಿಂದ ರ‍್ಯಾಕುಗಳೆಲ್ಲ ತೂತುಪಟ್ಟಿಯ ಆ್ಯಂಗಲ್‌ನವು, ನೆಲದ ಮೇಲೇ ನಿಂತವು.

ಡಿಹ್ಯುಮಿಡಿಫೈಯರ್ (ಗಾಳಿಯ ನೀರು ತೆಗೆಯುವ ಯಂತ್ರ) ತಂದಿಟ್ಟರೆ ಸಾಕಲ್ಲ ಎಂದು ಅನೇಕರು ಕೇಳುತ್ತಾರೆ. ಲೆಕ್ಕ ನೋಡಿ. ಕೋಣೆಯ ಗಾಳಿ 65 ಘನ ಮೀಟರ್. 30 ಡಿಗ್ರಿಯಲ್ಲಿ ಶೇ. 85 ತೇವಾಂಶವನ್ನು 55ಕ್ಕೆ ಇಳಿಸಲು ಘನ ಮೀಟರಿಗೆ 9 ಗ್ರಾಂ ನೀರು ತೆಗೆಯಬೇಕು, ಒಟ್ಟು ಸುಮಾರು 600 ಗ್ರಾಂ. ಹಂಚಿನ ಸಂದು, ಶಟರಿನ ಸಂದುಗಳಿಂದ ಗಂಟೆಗೆ ಐದು ಸಲ ಗಾಳಿ ಬದಲಾದರೆ ದಿನಕ್ಕೆ 70 ಲೀಟರ್ ಆಯಿತು. ಮನೆಬಳಕೆಯ 25 ಲೀಟರಿನ ಯಂತ್ರ ಅಲ್ಲಿ ಕರೆಂಟು ಸುಡುತ್ತದೆ ಅಷ್ಟೆ. ಎರಡು ಗಂಟೆಗೊಮ್ಮೆ ಮಾತ್ರ ಬದಲಾಗುವಂತೆ ಮುಚ್ಚಿದರೆ 7 ಲೀಟರಿಗೆ ಇಳಿಯುತ್ತದೆ. ಹಾಗಾಗಿ ಹಂಚಿನ ಕೆಳಗೆ ಮೂರು ಮೀಟರ್ ಎತ್ತರದಲ್ಲಿ 8 ಮಿಲಿಮೀಟರ್ ಸಿಮೆಂಟ್ ಫೈಬರ್ ಬೋರ್ಡಿನ ಸೀಲಿಂಗ್ ಕೂರಿಸಿ ಸಂದುಗಳಿಗೆಲ್ಲ ಸೀಲೆಂಟ್ ಹಾಕಿದೆ. ಅದರ ಮೇಲಿನ ಅಟ್ಟಕ್ಕೆ ಗಾಳಿ ಆಡುತ್ತಲೇ ಇರಬೇಕು, ಇಲ್ಲದಿದ್ದರೆ ಹಂಚು ಹೊತ್ತ ಮರಗಳಾದ ರೀಪು ಪಕಾಸಿ ಕೊಳೆಯುತ್ತವೆ. ಶಟರ್ ತೆಗೆದು ರಬ್ಬರ್ ಪಟ್ಟಿಯ ಜೋಡಿ ಬಾಗಿಲು ಇಟ್ಟೆ. ಇಷ್ಟಾದರೂ ಯಂತ್ರ ಓಡಿಸಿದ ಮೊದಲ ವಾರ ತೇವಾಂಶ 70ರ ಕೆಳಗೆ ಇಳಿಯಲಿಲ್ಲ. ಊದುಬತ್ತಿ ಹಚ್ಚಿ ಮೂಲೆಮೂಲೆ ಹಿಡಿದಾಗ ಹೊಗೆ ಚೌಕಟ್ಟಿನ ಮೇಲಂಚಿನಲ್ಲಿ ಅಲುಗಿತು. ಅಲ್ಲಿ ಚೌಕಟ್ಟಿಗೂ ಕಲ್ಲಿಗೂ ನಡುವೆ ಬೆರಳಗಲದ ಬಿರುಕು ಇತ್ತು. ಅದನ್ನು ಮುಚ್ಚಿದ ಮೇಲೆ 54ಕ್ಕೆ ಬಂದು ನಿಂತಿತು. ಎಕ್ಸಾಸ್ಟ್ ಫ್ಯಾನ್ ಮಳೆಗಾಲದಲ್ಲಿ ವೆಲ್ಡಿಂಗ್, ಗ್ರೈಂಡಿಂಗ್ ಹೊತ್ತಿಗೆ ಮಾತ್ರ. ಉಳಿದಂತೆ ಅದು ಹೊರಗಿನ ತೇವವನ್ನು ಎಳೆದುಕೊಳ್ಳುವ ಯಂತ್ರ. ಮುಚ್ಚಿದ ಕೋಣೆಯಾದ್ದರಿಂದ ಕಾರಿನ ಪೆಟ್ರೋಲ್ ಟ್ಯಾಂಕು ಹೊರಗೇ ಖಾಲಿಯಾಗಿ, ಬಿಚ್ಚಿಕೊಂಡು, ಹೊರಗೇ ಉಳಿಯಬೇಕು. ಇದರಲ್ಲಿ ರಿಯಾಯಿತಿ ಇಲ್ಲ.

ವೈರಿಂಗ್ ಎಲ್ಲ ಗೋಡೆಯ ಮೇಲಿನ ಪಿವಿಸಿ ಪೈಪಿನಲ್ಲಿ. ಮಿಗ್ ವೆಲ್ಡರಿಗೆ ಪ್ರತ್ಯೇಕ 6 ಚದರ ಮಿಲಿಮೀಟರ್ ತಾಮ್ರದ ತಂತಿ, 32 ಆ್ಯಂಪ್ ಎಂಸಿಬಿ, ಕಂಪ್ರೆಸರಿಗೆ 4 ಚದರ ಮಿಲಿಮೀಟರ್ ತಂತಿ. ಉಳಿದ ಸಾಕೆಟ್ಟುಗಳಿಗೆ 30 ಮಿಲಿಆ್ಯಂಪ್ ಆರ್‌ಸಿಸಿಬಿ (ಕರೆಂಟು ಸೋರಿದರೆ ತಾನೇ ಕಡಿಯುವ ಸ್ವಿಚ್ಚು), ಎಲ್ಲವೂ ನೆಲದಿಂದ 1.2 ಮೀಟರ್ ಎತ್ತರಕ್ಕೆ. ಅರ್ಥಿಂಗ್ ಅನ್ನು ಏಪ್ರಿಲ್‌ನಲ್ಲೇ ಅಳೆಸಬೇಕು, ಜಂಬಿಟ್ಟಿಗೆ ಮಣ್ಣು ಬೇಸಿಗೆಗೆ ಒಣಗಿ ರೆಸಿಸ್ಟೆನ್ಸ್ ಏರಿಸಿಕೊಳ್ಳುತ್ತದೆ. 20 ವಾಟಿನ ಎಂಟು ಎಲ್‌ಇಡಿ ಟ್ಯೂಬುಗಳನ್ನು ಎರಡು ಬದಿಗೆ ಸಾಲಾಗಿ ಹಾಕಿದೆ. ನಡುವೆ ಹಾಕಿದರೆ ಕೆಲಸ ಮಾಡುವ ಜಾಗಕ್ಕೇ ಕಾರಿನ ನೆರಳು ಬೀಳುತ್ತದೆ.

ಕಂಪ್ರೆಸರ್ ಹೊರಗಿನ ಗೂಡಿನಲ್ಲಿ. ಮಳೆಗಾಲದ ಒಂದು ಘನ ಮೀಟರ್ ಗಾಳಿಯನ್ನು 8 ಬಾರ್ ಒತ್ತಡಕ್ಕೆ ಒತ್ತಿ ತಣಿಸಿದರೆ 20 ಗ್ರಾಂ ಮೀರಿ ನೀರು ಬೇರೆಯಾಗುತ್ತದೆ. ಬ್ಲಾಸ್ಟಿಂಗ್‌ಗೆ (ಗಾಳಿಯಲ್ಲಿ ಪುಡಿ ಚಿಮ್ಮಿಸಿ ತುಕ್ಕು ತೆಗೆಯುವುದಕ್ಕೆ) ನಿಮಿಷಕ್ಕೆ 200 ಲೀಟರ್ ಗಾಳಿ ಎಳೆದರೆ ಗಂಟೆಗೆ ಕಾಲು ಲೀಟರ್. ಅರ್ಧ ಇಂಚಿನ ಜಿಐ (ಸತು ಲೇಪಿಸಿದ ಕಬ್ಬಿಣದ) ಪೈಪನ್ನು ಮೀಟರಿಗೆ ಒಂದು ಸೆಂಟಿಮೀಟರ್ ಇಳಿಸಿ, ಕೊನೆಗೆ ನೀರು ಬಿಡುವ ಕಾಲು ಇಟ್ಟು, ಕವಲುಗಳನ್ನೆಲ್ಲ ಪೈಪಿನ ಮೇಲ್ಬದಿಯಿಂದ ತೆಗೆದೆ. ಪಿವಿಸಿ ಪೈಪಿನಲ್ಲಿ ಗಾಳಿ ಹರಿಸಬಾರದು, ಒಡೆದರೆ ಚೂರು ಚೂರಾಗಿ ಸಿಡಿಯುತ್ತದೆ.

ಎಪಾಕ್ಸಿಗೆ ಮೊದಲು ಆ್ಯಸಿಡ್ ಬೇಡ, ಡೈಮಂಡ್ ಗ್ರೈಂಡರ್ ಓಡಿಸಿ. ಪ್ಲಾಸ್ಟಿಕ್ ಹಾಳೆಯ ಪರೀಕ್ಷೆ ಮತ್ತೊಮ್ಮೆ ಮಾಡಿ, ಕೆಳಗೆ ಒಂದು ಹನಿ ಕಂಡರೂ ಬಣ್ಣ ಮುಂದೂಡಿ. ನೆಲದ ಶಾಖ ಇಬ್ಬನಿ ಮಟ್ಟಕ್ಕಿಂತ ಕನಿಷ್ಠ 3 ಡಿಗ್ರಿ ಮೇಲಿರಬೇಕು. ಏಪ್ರಿಲ್ ಸೆಕೆಗೆ ಕಲಸಿದ ಮಾಲು ಡಬ್ಬಿಯಲ್ಲೇ ಬೇಗ ಗಟ್ಟಿಯಾಗುತ್ತದೆ, ಎರಡು ಕಿಲೋಕ್ಕಿಂತ ಹೆಚ್ಚು ಒಮ್ಮೆಗೆ ಕಲಸಲಿಲ್ಲ.

ಜುಲೈನಲ್ಲಿ ಉಜ್ಜಿ ಥಿನ್ನರಿನಲ್ಲಿ ಒರೆಸಿದ ಎರಡು ತಗಡಿನ ತುಂಡು ತೂಗುಹಾಕಿದೆ, ಒಂದು ಒಳಗೆ, ಒಂದು ಜಗಲಿಯಲ್ಲಿ. ಜಗಲಿಯದು ಮರುದಿನವೇ ಕೆಂಪಗಾಯಿತು. ಒಳಗಿನದು ಮೂರು ವಾರ ಹಾಗೇ ಇತ್ತು, ತೂಗುಹಾಕುವಾಗ ಬರಿಗೈಲಿ ಹಿಡಿದ ಕಡೆ ಎರಡು ಬೆರಳಿನ ಗುರುತಷ್ಟೇ ತುಕ್ಕಾಗಿತ್ತು. ಗ್ಲವ್ಸ್ ಡಬ್ಬಿಯನ್ನು ಬಾಗಿಲ ಪಕ್ಕದಲ್ಲೇ ಇಟ್ಟು, ಸ್ಪಿಟ್‌ಫೈರನ್ನು ಒಳಗೆ ತಳ್ಳಿ, ಬಾಡಿ ಎತ್ತುವಾಗ ನಡು ಬಾಗದಂತೆ ಬಾಗಿಲ ಕಂಡಿಗಳಿಗೆ ಅಡ್ಡಪಟ್ಟಿ ವೆಲ್ಡ್ ಮಾಡಲು ಶುರು ಮಾಡಿದೆ.