ಪಾಯಿಂಟ್ 22 ಪಿಸ್ತೂಲು ಕೊಳ್ಳೋ ಮುಂಚೆ

ಬ್ರ್ಯಾಂಡ್ ಆಮೇಲೆ, ಮೊದಲು ಹಿಡಿ ನೋಡಿ. ಪಿಸ್ತೂಲು ಖಾಲಿ ಅಂತ ಖಾತ್ರಿ ಮಾಡಿಕೊಂಡು ಗೋಡೆಯ ಕಡೆ ಹಿಡಿದು, ಕಣ್ಣು ಮುಚ್ಚಿ ಕೈ ಎತ್ತಿ. ಕಣ್ಣು ಬಿಟ್ಟಾಗ ಮುಂದಿನ ಸೈಟ್ (ಗುರಿ ನೋಡುವ ಕಡ್ಡಿ) ಹಿಂದಿನ ಸೈಟಿನ ಕಚ್ಚಿನ ನಡುವೆ ಕೂತಿದೆಯಾ? ಪಕ್ಕಕ್ಕೆ ವಾಲಿದ್ದರೆ ಬಿಟ್ಟುಬಿಡಿ. ನಾನು ಹೊಳಪಿಗೆ ಮರುಳಾಗಿ ಕೈಗೆ ದಪ್ಪವಾದದ್ದನ್ನು ತಂದು ಪಟ್ಟ ಪಾಡು ಸಾಕು.

25 ಮೀಟರ್ ಸ್ಪರ್ಧೆಯ ಆಸೆ ಇದ್ದರೆ ತೂಕ 1400 ಗ್ರಾಂ ದಾಟಬಾರದು. ಗುಂಡಿಲ್ಲದೆ ಸುಮ್ನೆ ಟ್ರಿಗರ್ ಎಳೆಯಬೇಡಿ. ಪಾಯಿಂಟ್ 22 ರಿಮ್‌ಫೈರ್ ಜಾತಿಯದು, ಇದರಲ್ಲಿ ಪಿನ್ನು ಹೊಡೆಯುವುದು ಗುಂಡಿನ ಅಂಚಿಗೆ, ಗುಂಡಿಲ್ಲದಿದ್ದರೆ ಚೇಂಬರಿನ (ಗುಂಡು ಕೂರುವ ಜಾಗದ) ಅಂಚೇ ಜಜ್ಜಿಹೋಗಬಹುದು.

ಇದರಲ್ಲಿ ಮೊಲ, ಕೌಜುಗ ಹೊಡೆಯಬಹುದಾ ಅಂತ ಕೇಳಿದವರಿಗೆ: 1972ರ ವನ್ಯಜೀವಿ ಕಾಯ್ದೆ ಇದೆ, ಬೇಟೆ ಮಾತೇ ಬೇಡ. ಲೈಸೆನ್ಸ್‌ಗೆ, ಬೆಂಗಳೂರಿನವರಾದರೆ, ಇನ್‌ಫ್ಯಾಂಟ್ರಿ ರಸ್ತೆಯ ಪೊಲೀಸ್ ಕಮಿಷನರ್ ಕಚೇರಿ. ಅದು ಕೈಗೆ ಬರುವವರೆಗೆ 10 ಮೀಟರ್ ಏರ್ ಪಿಸ್ತೂಲಿನಲ್ಲಿ ಕೈ ಪಳಗಿಸಿ.